ಕಂಪ್ರೆಸರ್ ಹೋಗಿರಲಿಲ್ಲ, ಕ್ಲಚ್ ಹಿಡಿಯುತ್ತಿರಲಿಲ್ಲ

ಎಸಿ ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪ್) ಬದಲಾಯಿಸಲೇಬೇಕು ಅಂತ ಹೇಳಿಸಿಕೊಂಡು ಬಂದ ಗಾಡಿ ನನ್ನದು. ಬದಲಾಯಿಸಲಿಲ್ಲ. 0.3 ಮಿ.ಮೀ. ದಪ್ಪದ ಒಂದು ವಾಷರ್ ತೆಗೆದೆವು, ಅಷ್ಟೇ. ಅದೇ ಕಂಪ್ರೆಸರ್ ಎರಡು ಬೇಸಿಗೆ ಕಳೆದು ಇವತ್ತಿಗೂ ಓಡುತ್ತಿದೆ. ಗ್ಯಾರೇಜಿನವರು ಟೋಪಿ ಹಾಕಲು ನೋಡಿದರು ಅಂತ ನನಗೆ ಅನಿಸಿಲ್ಲ. ಒತ್ತಡ ಅಳೆಯುವ ಅವರ ಗೇಜ್ ತೋರಿಸಿದ್ದು ನಿಜವೇ. ಗೇಜ್ ನೋಡಿದ ಮೇಲೆ ಬಗ್ಗಿ ಒಂದು ಸಲ ಕಂಪ್ರೆಸರ್‌ನ ಕ್ಲಚ್ (ಎಸಿ ಹಾಕಿದಾಗ ಅದನ್ನು ಬೆಲ್ಟಿನ ಪುಲ್ಲಿಗೆ ಜೋಡಿಸುವ ಭಾಗ) ನೋಡಬೇಕಿತ್ತು, ನೋಡಲಿಲ್ಲ. ಇಡೀ ಪ್ರಕರಣ ಇರುವುದು ಅಲ್ಲೇ, ಅದಕ್ಕೇ ಮೊದಲಿಂದ ಬರೆಯುತ್ತೇನೆ.

ಗಾಡಿ ಎಂಟು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. 90,000 ಕಿಲೋಮೀಟರ್ ದಾಟಿತ್ತು. ಬೇಸಿಗೆ ಶುರುವಿನಲ್ಲಿ ಒಂದು ಮಧ್ಯಾಹ್ನ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ ಎಸಿ ಗಾಳಿ ಬೆಚ್ಚಗಾಗತೊಡಗಿತು. ಬ್ಲೋವರ್ ಅದೇ ಜೋರಿನಲ್ಲಿ ಬೀಸುತ್ತಿದೆ, ಬಟನ್ ಮೇಲೆ ಲೈಟ್ ಇದೆ, ತಂಪು ಮಾತ್ರ ಇಲ್ಲ. ಗಾಡಿ ನಿಲ್ಲಿಸಿ ಕೆಲಸ ಮುಗಿಸಿಕೊಂಡು ಒಂದೆರಡು ಗಂಟೆ ಬಿಟ್ಟು ಬಂದರೆ ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಮತ್ತೆ ತಣ್ಣಗೆ ಗಾಳಿ. ಬೆಳಿಗ್ಗೆ ಹೊತ್ತು ತೊಂದರೆ ಇಲ್ಲ, ರಾತ್ರಿ ಇಲ್ಲ, ಹೈವೇಯಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಬಿಸಿಲಲ್ಲಿ, ನಿಂತು ನಿಂತು ಸಾಗುವ ರಸ್ತೆಯಲ್ಲಿ, ಹೊರಟು ಮುಕ್ಕಾಲು ಗಂಟೆ ಆದ ಮೇಲೆ ಮಾತ್ರ.

ಮೊದಲ ಗ್ಯಾರೇಜಿನಲ್ಲಿ ಕೇಳಿದ ತಕ್ಷಣ ಉತ್ತರ ಬಂತು. "ಗ್ಯಾಸ್ ಕಮ್ಮಿ ಆಗಿದೆ ಸಾರ್." ಸಿಲಿಂಡರ್ ತಂದು ಲೋ ಸೈಡ್ ಪೈಪಿಗೆ, ಅಂದರೆ ಕಮ್ಮಿ ಒತ್ತಡದಲ್ಲಿ ಗ್ಯಾಸ್ ಕಂಪ್ರೆಸರ್‌ಗೆ ವಾಪಸ್ ಬರುವ ಪೈಪಿಗೆ, ಹೋಸ್ ಹಾಕಿ, ಪೈಪ್ ಮೇಲೆ ಕೈಯಿಟ್ಟು ನೋಡುತ್ತಾ, ಚೆನ್ನಾಗಿ ತಣ್ಣಗಾಗುವವರೆಗೆ ತುಂಬಿದರು. ತೂಕ ಹಾಕಲಿಲ್ಲ. ನಾನೂ ಕೇಳಲಿಲ್ಲ, ಆಮೇಲೆ ನನ್ನನ್ನೇ ಬೈದುಕೊಂಡೆ. ಏಕೆಂದರೆ ಗ್ಯಾಸ್ ಕಮ್ಮಿ ಇದ್ದರೆ ಬೆಳಿಗ್ಗೆಯೂ ಕಮ್ಮಿ ಇರಬೇಕು ಅಲ್ವಾ? ಮಧ್ಯಾಹ್ನ ಸೋರಿ ಸಂಜೆ ವಾಪಸ್ ಬಂದು ಸೇರಿಕೊಳ್ಳುವ ಗ್ಯಾಸ್ ಎಲ್ಲೂ ಇಲ್ಲ.

ಗ್ಯಾಸ್ ವಿಷಯದಲ್ಲಿ ತುಂಬಾ ಜನ ಎಡವುವ ಜಾಗ ಒಂದಿದೆ. ನನ್ನ ಗಾಡಿಯಲ್ಲಿರುವುದು ಆರ್-134ಎ ಅನ್ನುವ ಗ್ಯಾಸ್. ಎಂಜಿನ್ ಆಫ್ ಇದ್ದಾಗ ಗೇಜ್ ಹಾಕಿದರೆ ಕಾಣುವ ಒತ್ತಡ, ಒಳಗೆ ಎಷ್ಟು ಗ್ಯಾಸ್ ಇದೆ ಅನ್ನುವುದನ್ನು ಹೇಳುವುದೇ ಇಲ್ಲ. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಸಾಕು, ಒತ್ತಡ ಬರೀ ಉಷ್ಣಾಂಶದ ಮೇಲೆ ನಿಂತಿರುತ್ತದೆ. 30 ಡಿಗ್ರಿಯಲ್ಲಿ ಸುಮಾರು 97 ಪಿಎಸ್‌ಐ. 200 ಗ್ರಾಂ ಇದ್ದರೂ ಅಷ್ಟೇ, 500 ಗ್ರಾಂ ಇದ್ದರೂ ಅಷ್ಟೇ. ಎಷ್ಟಿದೆ ಅಂತ ಗೊತ್ತಾಗಬೇಕಾದರೆ ಪೂರ್ತಿ ಹೊರಗೆ ತೆಗೆದು ತೂಗಬೇಕು. ಎಷ್ಟಿರಬೇಕು ಅನ್ನುವುದು ಬಾನೆಟ್ ಒಳಗಿನ ಸ್ಟಿಕ್ಕರ್ ಮೇಲೆ ಗ್ರಾಂ ಲೆಕ್ಕದಲ್ಲಿ ಇರುತ್ತದೆ. ನನ್ನದರಲ್ಲಿ 450 ಗ್ರಾಂ.

ಗ್ಯಾಸ್ ತುಂಬಿಸಿಕೊಂಡು ಬಂದ ಮೇಲೆ ತೊಂದರೆ ಜಾಸ್ತಿ ಆಯಿತು. ಮುಕ್ಕಾಲು ಗಂಟೆಗೆ ಬೆಚ್ಚಗಾಗುತ್ತಿದ್ದದ್ದು ಈಗ 20 ನಿಮಿಷಕ್ಕೇ ಬೆಚ್ಚಗಾಗತೊಡಗಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೇ ಗ್ಯಾರೇಜಿನವರು ಸ್ವಲ್ಪ ಮೇಲು. ಗಾಡಿ ಬಿಸಿಯಾಗಿ ಎಸಿ ಕೈಕೊಡುವವರೆಗೆ ಕಾದರು, ಆಮೇಲೆ ಎರಡೂ ಕಡೆ ಗೇಜ್ ಹಾಕಿದರು. ಕೆಲಸ ಮಾಡುವ ಎಸಿಯಲ್ಲಿ ಲೋ ಸೈಡ್ ಸುಮಾರು 30-40 ಪಿಎಸ್‌ಐ, ಕಂಪ್ರೆಸರ್ ಒತ್ತಿ ಹೊರಬಿಡುವ ಹೈ ಸೈಡ್ 200ರ ಆಸುಪಾಸು ಇರಬೇಕು. ಬಿಸಿಲಿಗೆ ತಕ್ಕಂತೆ ಹೈ ಸೈಡ್ ಇನ್ನೂ ಏರುತ್ತದೆ. ನನ್ನ ಗಾಡಿಯಲ್ಲಿ ಎರಡೂ ಮುಳ್ಳು 110ರಲ್ಲಿ ಜೋಡಿಯಾಗಿ ನಿಂತಿದ್ದವು. "ನೋಡಿ ಸಾರ್, ಎರಡೂ ಒಂದೇ ಇದೆ. ಪಂಪ್ ಮಾಡ್ತಾ ಇಲ್ಲ. ಕಂಪ್ರೆಸರ್ ಹೋಗಿದೆ." ಅಂದವರು ಪಟ್ಟಿ ಬರೆದರು: ಹೊಸ ಕಂಪ್ರೆಸರ್, ಕಂಡೆನ್ಸರ್ (ಗ್ಯಾಸಿನ ಬಿಸಿ ಹೊರಹಾಕುವ ಜಾಲರಿ), ಡ್ರೈಯರ್ (ತೇವ ಹೀರುವ ಡಬ್ಬಿ), ಎಕ್ಸ್‌ಪ್ಯಾನ್ಶನ್ ವಾಲ್ವ್ (ಗ್ಯಾಸಿನ ಒತ್ತಡ ಇಳಿಸುವ ವಾಲ್ವ್).

ಪಟ್ಟಿ ನೋಡಿ ಎದೆ ಧಸಕ್ ಅಂದಿದ್ದು ನಿಜ. ಆದರೆ ಕಂಪ್ರೆಸರ್ ನಿಜವಾಗಿಯೂ ಒಳಗೆ ಮುರಿದಿದ್ದರೆ ಆ ಪಟ್ಟಿಯಲ್ಲಿ ಒಂದು ಐಟಮ್ಮೂ ಜಾಸ್ತಿ ಅಲ್ಲ. ಪಿಸ್ಟನ್, ಅದನ್ನು ಆಡಿಸುವ ಸ್ವಾಶ್ ಪ್ಲೇಟ್ ಇರುವ ಕಂಪ್ರೆಸರ್ ತಿಂದುಕೊಂಡು ಹೋದಾಗ ಲೋಹದ ಪುಡಿಯೆಲ್ಲ ಎಣ್ಣೆಯಲ್ಲಿ ಕಲಸಿ ಕಾಡಿಗೆಯಂಥ ಮಸಿಯಾಗಿ ಮುಂದಕ್ಕೆ ಹೋಗುತ್ತದೆ. ಮೊದಲು ಸಿಗುವುದೇ ಕಂಡೆನ್ಸರ್. ಈಗಿನ ಕಂಡೆನ್ಸರ್‌ಗಳ ಒಳದಾರಿ ಎಷ್ಟು ಸಣ್ಣ ಅಂದರೆ, ಅಲ್ಲಿ ಕೂತ ಪುಡಿಯನ್ನು ಫ್ಲಶ್ ಮಾಡಿ ಪೂರ್ತಿ ತೆಗೆಯಲು ಆಗುವುದಿಲ್ಲ. ಅದನ್ನು ಹಾಗೇ ಬಿಟ್ಟು ಹೊಸ ಕಂಪ್ರೆಸರ್ ಹಾಕಿದರೆ ಹಳೆಯದರ ಪುಡಿ ಸುತ್ತಿಕೊಂಡು ಬಂದು ಹೊಸದನ್ನೂ ತಿನ್ನುತ್ತದೆ. ಹಾಗಾಗಿ 'ಕಂಪ್ರೆಸರ್ ಹೋಗಿದೆ' ಅನ್ನುವ ಮಾತು ಒಂದು ಪಾರ್ಟಿನ ಮಾತಲ್ಲ, ಇಡೀ ಎಸಿಯ ಮಾತು. ಅಷ್ಟು ದೊಡ್ಡ ಮಾತಿಗೆ ಮುಳ್ಳು ಒಂದೇ ಸಾಕ್ಷಿ ಆದರೆ ಹೇಗೆ? ಯೋಚಿಸಿ ಹೇಳುತ್ತೇನೆ ಅಂತ ಗಾಡಿ ತಗೊಂಡು ಬಂದೆ.

ಬಿಳಿ ಚುಕ್ಕೆ

ಎರಡೂ ಮುಳ್ಳು ಒಂದೇ ಕಡೆ ನಿಂತರೆ ಒತ್ತಡ ಹುಟ್ಟುತ್ತಿಲ್ಲ ಅಂತ ಅರ್ಥ. ಸರಿ. ಆದರೆ ಒತ್ತಡ ಹುಟ್ಟದಿರುವುದಕ್ಕೆ ಕಾರಣ ಎರಡಿರಬಹುದು. ಕಂಪ್ರೆಸರ್ ತಿರುಗುತ್ತಿದ್ದೂ ಒಳಗೆ ಕೆಲಸ ಮಾಡದೆ ಇರಬಹುದು. ಇಲ್ಲವೇ ಕಂಪ್ರೆಸರ್ ತಿರುಗುತ್ತಲೇ ಇಲ್ಲದಿರಬಹುದು. ಎರಡಕ್ಕೂ ಗೇಜ್ ಒಂದೇ ಉತ್ತರ ಕೊಡುತ್ತದೆ.

ತಿರುಗುತ್ತಿದೆಯೋ ಇಲ್ಲವೋ ಅಂತ ಬಗ್ಗಿ ನೋಡಿದರೆ ಕಣ್ಣಿಗೆ ಮೋಸ ಆಗುತ್ತದೆ. ಪುಲ್ಲಿ ಬೆಲ್ಟಿನ ಜೊತೆ ಯಾವಾಗಲೂ ತಿರುಗುತ್ತಿರುತ್ತದೆ, ಎಸಿ ಆಫ್ ಇದ್ದರೂ. ಅದು ತನ್ನ ಬೇರಿಂಗ್ ಮೇಲೆ ಸುಮ್ನೆ ಸುತ್ತುವ ಚಕ್ರ, ಶಾಫ್ಟಿಗೂ ಅದಕ್ಕೂ ಆಗ ಸಂಬಂಧವಿಲ್ಲ. ಶಾಫ್ಟಿಗೆ ಸೇರಿಕೊಂಡಿರುವುದು ಪುಲ್ಲಿಯ ಮುಂದಿರುವ ತಟ್ಟೆಯಂಥ ಪ್ಲೇಟ್. ಪುಲ್ಲಿಗೂ ಅದಕ್ಕೂ ನಡುವೆ ಅರ್ಧ ಮಿಲಿಮೀಟರ್‌ನಷ್ಟು ಸಂದು. ಪುಲ್ಲಿಯ ಹಿಂದೆ ತಾಮ್ರದ ತಂತಿ ಸುತ್ತಿದ ಕಾಯಿಲ್ ಇದೆ. ಬಟನ್ ಒತ್ತಿದಾಗ ಕಾಯಿಲ್ ಅಯಸ್ಕಾಂತವಾಗಿ ಪ್ಲೇಟನ್ನು ಎಳೆದು ಪುಲ್ಲಿಗೆ ಅಂಟಿಸುತ್ತದೆ. ಇವೆಲ್ಲ ಸೇರಿದ್ದೇ ಕ್ಲಚ್. ಎಸಿ ಹಾಕಿದಾಗ ಬಾನೆಟ್ ಒಳಗಿಂದ 'ಟಕ್' ಅಂತ ಕೇಳಿಸುವುದು ಅದೇ.

ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ, ಟಾರ್ಚ್ ಹಿಡಿದುಕೊಂಡು ಆ ಪ್ಲೇಟಿನ ಅಂಚಿನ ಹತ್ತಿರ ಬಿಳಿ ಪೇಂಟಿನಲ್ಲಿ ಒಂದು ಚುಕ್ಕೆ ಇಟ್ಟೆ. ಪ್ಲೇಟ್ ತುಕ್ಕು ಹಿಡಿದು ಕಂದು ಬಣ್ಣಕ್ಕೆ ತಿರುಗಿತ್ತು, ಹಾಗಾಗಿ ಚುಕ್ಕೆ ಎದ್ದು ಕಾಣುತ್ತಿತ್ತು. ಸ್ಟಾರ್ಟ್ ಮಾಡಿ ಎಸಿ ಹಾಕಿದೆ. ಟಕ್. ಚುಕ್ಕೆ ಬಿಳಿ ಬಳೆಯಾಯಿತು. ಎಸಿ ತನ್ನಷ್ಟಕ್ಕೆ ಕಟ್ ಆದಾಗ ಚುಕ್ಕೆ ಮತ್ತೆ ಚುಕ್ಕೆಯಾಗಿ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಬಳೆ. ಮಾರನೇ ದಿನ ಮಧ್ಯಾಹ್ನ ಟ್ರಾಫಿಕ್‌ನಲ್ಲಿ ಒಂದು ಸುತ್ತು ಹೊಡೆದು, ಗಾಳಿ ಬೆಚ್ಚಗಾದ ತಕ್ಷಣ ಬದಿಗೆ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿ ದೂರದಿಂದ ನೋಡಿದೆ. ಪುಲ್ಲಿ ಗಿರಗಿರ ತಿರುಗುತ್ತಿದೆ. ಚುಕ್ಕೆ ಕಲ್ಲು ನಿಂತ ಹಾಗೆ ನಿಂತಿದೆ. ಒಂದು ನಿಮಿಷ, ಎರಡು ನಿಮಿಷ. ಅಲ್ಲಾಡಲಿಲ್ಲ.

ಅಂದರೆ ಕಂಪ್ರೆಸರ್ ಕೆಟ್ಟಿದೆಯೋ ಇಲ್ಲವೋ ಅನ್ನುವ ಪ್ರಶ್ನೆಗೆ ನಾವಿನ್ನೂ ಬಂದೇ ಇಲ್ಲ. ಅದು ತಿರುಗುತ್ತಲೇ ಇಲ್ಲವಲ್ಲ!

ಕರೆಂಟ್ ಬರುತ್ತಿದೆಯಾ?

ಇಲ್ಲಿಂದ ಮುಂದೆ ಗೊತ್ತಿರುವ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಹೋದೆ. ವಯಸ್ಸಾದವರು, ಮಾತು ಕಮ್ಮಿ. ಚುಕ್ಕೆ ಕಥೆ ಕೇಳಿ ನಕ್ಕರು. "ಒಳ್ಳೇ ಕೆಲಸ ಮಾಡಿದ್ದೀರ. ಈಗ ಕರೆಂಟ್ ಬರ್ತಿದೆಯಾ ನೋಡೋಣ."

ಪ್ಲೇಟ್ ಹಿಡಿಯದೆ ಇರುವುದಕ್ಕೂ ಎರಡು ದಾರಿ. ಕಾಯಿಲ್‌ಗೆ ಕರೆಂಟೇ ಬಾರದಿದ್ದರೆ ತಪ್ಪು ಬೇರೆ ಕಡೆ ಇರುತ್ತದೆ: ರಿಲೇ, ಪ್ರೆಶರ್ ಸ್ವಿಚ್, ಇವಾಪೊರೇಟರ್ (ಗಾಡಿಯೊಳಗೆ ಬರುವ ಗಾಳಿಯನ್ನು ತಣ್ಣಗಾಗಿಸುವ ಭಾಗ) ಸೆನ್ಸರ್. ಕಂಡೆನ್ಸರ್ ಫ್ಯಾನ್ ನಿಂತು ಹೈ ಸೈಡ್ ಒತ್ತಡ ಮಿತಿ ಮೀರಿದರೂ ಪ್ರೆಶರ್ ಸ್ವಿಚ್ ಕಂಪ್ರೆಸರನ್ನು ಕಟ್ ಮಾಡುತ್ತದೆ. ಆಗಲೂ ಲಕ್ಷಣ ಹೀಗೇ ಇರುತ್ತದೆ: ಟ್ರಾಫಿಕ್‌ನಲ್ಲಿ ಬೆಚ್ಚಗೆ, ಹೈವೇಯಲ್ಲಿ ತಣ್ಣಗೆ. ನನಗೆ ಅನುಮಾನ ಇದ್ದದ್ದೂ ಅದರ ಮೇಲೇ. ಆದರೆ ಫ್ಯಾನ್ ಚೆನ್ನಾಗಿ ತಿರುಗುತ್ತಿತ್ತು. ಚುಕ್ಕೆ ನಿಂತಿರುವಾಗಲೇ ಅವರು ಕಾಯಿಲ್ ಕನೆಕ್ಟರ್‌ನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿದರು. 13.4 ವೋಲ್ಟ್. ಬ್ಯಾಟರಿಯಲ್ಲಿ 13.9. ದಾರಿಯಲ್ಲಿ ಕಳೆದುಹೋಗಿದ್ದು ಅರ್ಧ ವೋಲ್ಟ್, ಅದೇನೂ ದೊಡ್ಡದಲ್ಲ. ರಿಲೇ, ಸ್ವಿಚ್, ವೈರಿಂಗ್ ಎಲ್ಲ ಒಂದೇ ಏಟಿಗೆ ಪಾರಾದವು. ಕರೆಂಟ್ ಬಾಗಿಲ ತನಕ ಬಂದು ನಿಂತಿದೆ, ಪ್ಲೇಟ್ ಮಾತ್ರ ಏಳುತ್ತಿಲ್ಲ.

ಆಮೇಲೆ ಎಂಜಿನ್ ಆಫ್ ಮಾಡಿ, ಕನೆಕ್ಟರ್ ಕಿತ್ತು, ಬಿಸಿ ಇರುವಾಗಲೇ ಕಾಯಿಲ್ ಓಮ್ ಅಳೆದರು. 4.6. ಮಾರನೇ ದಿನ ಬೆಳಿಗ್ಗೆ ತಣ್ಣಗಿದ್ದಾಗ ಅಳೆದರೆ 3.6. ಕಾಯಿಲ್ ಕೆಟ್ಟಿಲ್ಲ. ತಾಮ್ರದ ಗುಣವೇ ಹಾಗೆ, ಒಂದು ಡಿಗ್ರಿ ಬಿಸಿ ಏರಿದರೆ ರೆಸಿಸ್ಟೆನ್ಸ್ ಸುಮಾರು 0.4 ಪರ್ಸೆಂಟ್ ಏರುತ್ತದೆ. ಅದೇ ಲೆಕ್ಕ ತಿರುಗಿಸಿ ಹಾಕಿದರೆ ಟ್ರಾಫಿಕ್‌ನಲ್ಲಿ ಕಾಯಿಲ್ 95 ಡಿಗ್ರಿಯಷ್ಟು ಕಾದಿತ್ತು ಅಂತ ಸಿಗುತ್ತದೆ (ಕಾಯಿಲನ್ನೇ ಥರ್ಮಾಮೀಟರ್ ಮಾಡಿಕೊಂಡ ಖುಷಿ ನನಗೆ). ಈಗ ಕರೆಂಟ್ ಲೆಕ್ಕ ನೋಡಿ. ತಣ್ಣಗಿದ್ದಾಗ 13.4 ಭಾಗಿಸು 3.6, ಅಂದರೆ 3.7 ಆಂಪಿಯರ್. ಬಿಸಿಯಲ್ಲಿ 2.9. ಅಯಸ್ಕಾಂತದ ಎಳೆತ ಕರೆಂಟಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ, ಹಾಗಾಗಿ ಬೆಳಿಗ್ಗೆ ನೂರಿದ್ದ ಎಳೆತ ಮಧ್ಯಾಹ್ನ ಅರವತ್ತು.

ಆದರೂ ಎಲ್ಲ ಗಾಡಿಗಳಲ್ಲೂ ಕಾಯಿಲ್ ಬಿಸಿಯಾಗುತ್ತದೆ. ಅವೆಲ್ಲ ಯಾಕೆ ನಿಲ್ಲುವುದಿಲ್ಲ? ಅಲ್ಲಿಗೆ ಉಳಿದದ್ದು ಸಂದು ಒಂದೇ.

ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ತಂದು ಪ್ಲೇಟ್ ಸುತ್ತ ಮೂರು ಕಡೆ ತೂರಿಸಿ ನೋಡಿದರು. 0.80, 0.90, 0.85 ಮಿ.ಮೀ. ಈ ಕಂಪ್ರೆಸರ್‌ಗೆ ಇರಬೇಕಾದದ್ದು 0.35ರಿಂದ 0.65ರ ಒಳಗೆ. ಪ್ರತಿ ಸಲ 'ಟಕ್' ಅಂದಾಗಲೂ ತಿರುಗುತ್ತಿರುವ ಪುಲ್ಲಿಗೆ ನಿಂತಿರುವ ಪ್ಲೇಟ್ ಉಜ್ಜಿಕೊಂಡೇ ಹಿಡಿಯಬೇಕು. ಒಂದೊಂದು ಸಲಕ್ಕೂ ಕಣ್ಣಿಗೆ ಕಾಣದಷ್ಟು ಸವೆತ. ಎಂಟು ವರ್ಷದಲ್ಲಿ ಅದು ಕೂಡಿ ಕೂಡಿ ಇಷ್ಟಾಗಿದೆ. ಸಂದು ದೊಡ್ಡದಾದರೆ ಎಳೆತ ಅದಕ್ಕೂ ವರ್ಗದ ಲೆಕ್ಕದಲ್ಲೇ ಬೀಳುತ್ತದೆ. ಅಂದಾಜಿಗೆ, ಅರ್ಧ ಮಿ.ಮೀ. ಇದ್ದದ್ದು 0.9 ಆದರೆ ಎಳೆತ ಮೂರರಲ್ಲಿ ಒಂದು ಪಾಲು. ತಣ್ಣಗಿನ ಕಾಯಿಲ್ ಇದನ್ನು ಹೇಗೋ ನಿಭಾಯಿಸುತ್ತಿತ್ತು, ಕಾದ ಕಾಯಿಲ್ ಕೈಲಿ ಆಗುತ್ತಿರಲಿಲ್ಲ.

ಹೊರಟ ಕೂಡಲೇ ಕೈಕೊಡದೆ ಅಷ್ಟು ಹೊತ್ತು ಓಡಿ ಆಮೇಲೆ ಯಾಕೆ ನಿಲ್ಲುತ್ತಿತ್ತು ಅನ್ನುವುದೂ ಇಲ್ಲೇ ಬಿಡಿಸಿಕೊಂಡಿತು. ಪ್ಲೇಟ್ ಒಮ್ಮೆ ಅಂಟಿಕೊಂಡ ಮೇಲೆ ಸಂದು ಸೊನ್ನೆ, ಹಿಡಿದಿಟ್ಟುಕೊಳ್ಳಲು ಕಮ್ಮಿ ಎಳೆತ ಸಾಕು, ಕಾಯಿಲ್ ಕಾದರೂ ಬಿಡುವುದಿಲ್ಲ. ಆದರೆ ಒಳಗಿನ ಇವಾಪೊರೇಟರ್ ಮೇಲೆ ಮಂಜು ಕಟ್ಟಬಾರದು ಅಂತ ಎಸಿ ನಡುನಡುವೆ ತಾನೇ ಕಟ್ ಮಾಡುತ್ತದಲ್ಲ, ಆಗ ಪ್ಲೇಟ್ ಬಿಟ್ಟುಕೊಳ್ಳುತ್ತದೆ, ಮತ್ತೆ ಹಿಡಿ ಅಂದಾಗ ಪೂರ್ತಿ 0.9 ಮಿ.ಮೀ. ದೂರದಿಂದ ಎಳೆಯಬೇಕು. ಕಾಯಿಲ್ ಅಷ್ಟು ಹೊತ್ತಿಗೆ ಕಾದಿದ್ದರೆ ಮುಗಿಯಿತು, ತಣ್ಣಗಾಗುವವರೆಗೆ ಎಸಿ ಇಲ್ಲ. ಹೈವೇಯಲ್ಲಿ ಗಾಳಿ ಹೊಡೆದು ಬಾನೆಟ್ ಒಳಗೆ ಅಷ್ಟು ಕಾಯುವುದಿಲ್ಲ, ಅದಕ್ಕೇ ಅಲ್ಲಿ ತೊಂದರೆ ಇರಲಿಲ್ಲ.

ಮತ್ತೆ ಗಾಡಿ ಬಿಸಿ ಮಾಡಿ, ಪ್ಲೇಟ್ ನಿಂತಾಗ, ಅವರು ಸುತ್ತಿಗೆಯ ಮರದ ಹಿಡಿಯಿಂದ ಪ್ಲೇಟಿನ ಮುಖವನ್ನು ಒಂದು ಸಲ ಮೆಲ್ಲಗೆ ಒಳಕ್ಕೆ ತಳ್ಳಿದರು. ಟಕ್! ಚುಕ್ಕೆ ಬಳೆಯಾಯಿತು, ಒಂದು ನಿಮಿಷದಲ್ಲಿ ತಣ್ಣಗೆ ಗಾಳಿ. ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಇದನ್ನು ನೀವು ಮಾಡಬೇಡಿ. ಓಡುತ್ತಿರುವ ಬೆಲ್ಟಿನ ಪಕ್ಕ ಕೈ ಹಾಕುವ ಕೆಲಸ, ಅಂಗಿಯ ತೋಳಿನ ತುದಿ ಸಿಕ್ಕಿಕೊಂಡರೆ ಕೈ ಹೋಗುತ್ತದೆ. ಫೀಲರ್ ಗೇಜ್ ಇದೇ ಉತ್ತರವನ್ನು ಎಂಜಿನ್ ಆಫ್ ಇರುವಾಗ ಕೊಡುತ್ತದೆ.

ರಿಪೇರಿ

ರಿಪೇರಿ ಶುರು ಮಾಡುವ ಮುಂಚೆ ಕಂಪ್ರೆಸರ್ ಉಳಿಸಿಕೊಳ್ಳುವಷ್ಟು ಚೆನ್ನಾಗಿದೆಯಾ ಅಂತ ನೋಡಿದರು. ಬೆಲ್ಟ್ ಬಿಚ್ಚಿ ಪುಲ್ಲಿಯನ್ನು ಕೈಯಲ್ಲಿ ಸುತ್ತಿದರೆ ಗರಗರ ಸದ್ದಿಲ್ಲ, ಬೇರಿಂಗ್ ಸರಿ ಇದೆ. ಪ್ಲೇಟ್ ಹಿಡಿದು ಶಾಫ್ಟ್ ತಿರುಗಿಸಿದರೆ ಒಂದೇ ಸಮ ಬಿಗಿ, ಎಲ್ಲೂ ಕಚ್ಚುವುದಿಲ್ಲ. ಶಾಫ್ಟ್ ಸೀಲ್ ಹತ್ತಿರ ಎಣ್ಣೆ ಪಸೆ ಇಲ್ಲ. ಪ್ಲೇಟ್ ಸುಟ್ಟು ನೀಲಿ ಬಣ್ಣಕ್ಕೆ ತಿರುಗಿಲ್ಲ. ಇವುಗಳಲ್ಲಿ ಯಾವುದಾದರೂ ಒಂದು ಕೆಟ್ಟಿದ್ದರೂ ವಾಷರ್ ತೆಗೆಯುವ ಯೋಚನೆ ಅಲ್ಲೇ ಬಿಡಬೇಕಿತ್ತು.

ಕ್ಲಚ್ ಕೆಲಸಕ್ಕೆ ಗ್ಯಾಸ್ ಬಿಚ್ಚಬೇಕಾಗಿಲ್ಲ ಅನ್ನುವುದು ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಪ್ಲೇಟ್, ಪುಲ್ಲಿ, ಕಾಯಿಲ್ ಮೂರೂ ಕಂಪ್ರೆಸರ್‌ನ ಹೊರಗೇ ಇರುತ್ತವೆ. ಪ್ಲೇಟ್ ತಿರುಗದ ಹಾಗೆ ಹಿಡಿದುಕೊಂಡು ನಡುವಿನ ಬೋಲ್ಟ್ ಬಿಚ್ಚಿದರು, ಪ್ಲೇಟನ್ನು ನೇರವಾಗಿ ಹೊರಕ್ಕೆ ಎಳೆದರು. ಶಾಫ್ಟಿನ ತುದಿಯಲ್ಲಿ ಎರಡು ತೆಳು ಉಂಗುರ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಕೊಳೆ ಹಿಡಿದು ಒಂದೇ ಉಂಗುರದ ಹಾಗೆ ಕಾಣುತ್ತಿದ್ದವು, ಉಗುರಿನಿಂದ ಎಬ್ಬಿಸಿ ಬೇರೆ ಮಾಡಬೇಕಾಯಿತು. ಇವೇ ಶಿಮ್. ಸಂದು ಎಷ್ಟಿರಬೇಕು ಅನ್ನುವುದನ್ನು ಹೊಂದಿಸುವುದಕ್ಕೇ ಇಟ್ಟಿರುತ್ತಾರೆ. ಒಂದು 0.1, ಇನ್ನೊಂದು 0.3 ಮಿ.ಮೀ. 0.3ರದ್ದನ್ನು ತೆಗೆದು, ಪ್ಲೇಟ್ ಮುಖ ಒರೆಸಿ, ವಾಪಸ್ ಹಾಕಿದರು. ಬೋಲ್ಟ್ ಸಣ್ಣದು, ಮೈಮೇಲೆ ಬಿದ್ದು ಬಿಗಿಯಬಾರದು. ಅಳೆದರೆ 0.50, 0.60, 0.55. ಎರಡೂ ಶಿಮ್ ತೆಗೆದುಬಿಡಿ ಅಂತ ನಾನು ಆಸೆಪಟ್ಟೆ, ಅವರು ಒಪ್ಪಲಿಲ್ಲ. ಸಂದು ತೀರಾ ಕಮ್ಮಿಯಾದರೆ ಎಸಿ ಆಫ್ ಇದ್ದಾಗಲೂ ಪ್ಲೇಟ್ ಪುಲ್ಲಿಗೆ ಉಜ್ಜುತ್ತಲೇ ಇರುತ್ತದಂತೆ, ಆಗ ಕ್ಲಚ್ ಸುಟ್ಟೇ ಹೋಗುತ್ತದೆ. ಬಿಚ್ಚುವುದು, ಹಾಕುವುದು, ಅಳೆಯುವುದು ಎಲ್ಲ ಸೇರಿ 40 ನಿಮಿಷ.

ಮೊದಲ ಗ್ಯಾರೇಜಿನಲ್ಲಿ ತುಂಬಿಸಿದ ಗ್ಯಾಸ್ ವಿಷಯ ಬಾಕಿ ಇತ್ತು. ರಿಕವರಿ ಮೆಷಿನ್ ಇರುವ ಕಡೆ ಹೋಗಿ ಪೂರ್ತಿ ತೆಗೆಸಿ ತೂಗಿಸಿದೆ. 580 ಗ್ರಾಂ! ಇರಬೇಕಾದದ್ದಕ್ಕಿಂತ 130 ಗ್ರಾಂ ಜಾಸ್ತಿ. ಗ್ಯಾಸ್ ಜಾಸ್ತಿ ಆದರೆ ಹೈ ಸೈಡ್ ಒತ್ತಡ ಏರುತ್ತದೆ, ಕಂಪ್ರೆಸರ್ ತಿರುಗಿಸಲು ಬಿಗಿಯಾಗುತ್ತದೆ, ಹಿಡಿಯುವಾಗ ಪ್ಲೇಟ್ ಜಾರಿ ಇನ್ನಷ್ಟು ಕಾಯುತ್ತದೆ. ಮುಕ್ಕಾಲು ಗಂಟೆ 20 ನಿಮಿಷಕ್ಕೆ ಇಳಿದದ್ದು ಹಾಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೂ ಅಲ್ಲದೆ ಎತ್ತಿನ ಜ್ವರವನ್ನೂ ಏರಿಸಿದ್ದರು.

ಗ್ಯಾಸ್ ಜೊತೆ ಹೊರಬಂದ ಎಣ್ಣೆ ಸುಮಾರು 10 ಎಂಎಲ್. ಅದನ್ನು ಬಿಳಿ ಟಿಶ್ಯೂ ಮೇಲೆ ಒಂದು ಹನಿ ಹಾಕಿ ನೋಡಿದೆವು. ತಿಳಿ ಹಳದಿ, ಬೆರಳಲ್ಲಿ ಉಜ್ಜಿದರೆ ಒಂದು ಕಣವೂ ಸಿಗಲಿಲ್ಲ. ಒಳಗೆ ಏನೂ ತಿಂದುಕೊಂಡಿಲ್ಲ ಅನ್ನುವುದಕ್ಕೆ ನನಗೆ ಸಿಕ್ಕ ಒಳ್ಳೆಯ ಪುರಾವೆ ಅದು. ಬೂದು ಬಣ್ಣವೋ ಕಪ್ಪೋ ಇದ್ದಿದ್ದರೆ ಎರಡನೇ ಗ್ಯಾರೇಜಿನ ಪಟ್ಟಿಗೆ ತಲೆಬಾಗುತ್ತಿದ್ದೆ. ಅಷ್ಟೇ ಎಣ್ಣೆ ಹೊಸದು ಹಾಕಿ, ಅರ್ಧ ಗಂಟೆ ವ್ಯಾಕ್ಯೂಮ್ ಎಳೆದು, ಮುಳ್ಳು ಏರದೆ ನಿಲ್ಲುತ್ತದಾ ಅಂತ ಸ್ವಲ್ಪ ಹೊತ್ತು ಕಾದು, 450 ಗ್ರಾಂ ತೂಗಿ ತುಂಬಿದರು. ಹೊರಗೆ 32 ಡಿಗ್ರಿ ಇದ್ದಾಗ ಲೋ ಸೈಡ್ 34, ಹೈ ಸೈಡ್ 210 ಪಿಎಸ್‌ಐ, ನಡುವಿನ ವೆಂಟ್‌ನಲ್ಲಿ 7 ಡಿಗ್ರಿ.

ನಿಜವಾಗಿಯೂ ಬದಲಾಯಿಸಬೇಕಾದರೆ

ಎಣ್ಣೆ ಕಪ್ಪಗೆ ಬಂದರೆ, ಪ್ಲೇಟ್ ಹಿಡಿದು ತಿರುಗುತ್ತಿದ್ದರೂ ಎರಡೂ ಮುಳ್ಳು ಹತ್ತಿರ ಹತ್ತಿರವೇ ಇದ್ದರೆ, ಕೈಯಲ್ಲಿ ತಿರುಗಿಸಿದಾಗ ಕಚ್ಚಿಕೊಂಡರೆ ಬದಲಾಯಿಸುವುದೇ ದಾರಿ. ಆಗ ಎಲ್ಲಕ್ಕಿಂತ ಜಾಸ್ತಿ ಯಡವಟ್ಟಾಗುವುದು ಎಣ್ಣೆ ಲೆಕ್ಕದಲ್ಲಿ. ಹೊಸ ಕಂಪ್ರೆಸರ್ ಎಷ್ಟೋ ಸಲ ಇಡೀ ಸಿಸ್ಟಮ್‌ಗೆ ಬೇಕಾಗುವಷ್ಟು ಎಣ್ಣೆ ತುಂಬಿಕೊಂಡೇ ಬರುತ್ತದೆ. ಹಳೆಯದರಿಂದ ಬಂದ ಎಣ್ಣೆ ಅಳೆಯದೆ ಹಾಗೇ ಕೂರಿಸಿದರೆ ಎಣ್ಣೆ ಜಾಸ್ತಿಯಾಗಿ ಕೂಲಿಂಗ್ ಬೀಳುತ್ತದೆ, ಕಮ್ಮಿಯಾದರೆ ಕಂಪ್ರೆಸರೇ ಜಾಮ್ ಆಗುತ್ತದೆ. ಇದಕ್ಕೆ ಹಾಕುವ ಪಿಎಜಿ ಅನ್ನುವ ಎಣ್ಣೆಯಲ್ಲೂ 46, 100, 150 ಅಂತ ಬೇರೆ ಬೇರೆ ಗ್ರೇಡ್ ಇವೆ, ಕಂಪ್ರೆಸರ್ ಮೇಲೆ ಬರೆದಿರುವುದನ್ನೇ ಹಾಕಬೇಕು. ಈ ಎಣ್ಣೆ ಗಾಳಿಯ ತೇವ ಹೀರುತ್ತದೆ, ಹಾಗಾಗಿ ಮುಚ್ಚಳ ತೆಗೆದಿಟ್ಟ ಡಬ್ಬಿಯದ್ದು ಬೇಡ. ಬೆಲ್ಟ್ ಹಾಕಿ ಗ್ಯಾಸ್ ತುಂಬಿದ ಮೇಲೆ, ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆ, ಪ್ಲೇಟನ್ನು ಕೈಯಲ್ಲಿ ಹತ್ತು ಹದಿನೈದು ಸುತ್ತು ತಿರುಗಿಸಬೇಕು. ಒಳಗೆ ನಿಂತ ಎಣ್ಣೆಯನ್ನು ಒಮ್ಮೆಲೇ ಒತ್ತಲು ಹೋಗಿ ಹೊಸ ಕಂಪ್ರೆಸರ್‌ನ ವಾಲ್ವ್ ಮುರಿದುಹೋಗಬಾರದಲ್ಲ.

ಇನ್ನೊಂದು ಮಾತು. ಈಗಿನ ಎಷ್ಟೋ ಗಾಡಿಗಳಲ್ಲಿ ಕ್ಲಚ್ಚೇ ಇಲ್ಲದ ವೇರಿಯಬಲ್ ಕಂಪ್ರೆಸರ್ ಬರುತ್ತದೆ. ಎಂಜಿನ್ ಓಡುವಷ್ಟು ಹೊತ್ತೂ ಶಾಫ್ಟ್ ತಿರುಗುತ್ತದೆ, ಎಷ್ಟು ಪಂಪ್ ಮಾಡಬೇಕು ಅನ್ನುವುದನ್ನು ಕಂಟ್ರೋಲ್ ವಾಲ್ವ್ ನೋಡಿಕೊಳ್ಳುತ್ತದೆ. ಅದರಲ್ಲಿ ಚುಕ್ಕೆ ಇಟ್ಟು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗಳ ಕಂಪ್ರೆಸರ್‌ಗಂತೂ ಕೈ ಹಾಕಲೇಬೇಡಿ, ಆ ಕಿತ್ತಳೆ ಬಣ್ಣದ ವೈರುಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ.

ನನ್ನ ಗಾಡಿಯಲ್ಲಿ ಮೊನ್ನೆ ಮತ್ತೆ ಫೀಲರ್ ಗೇಜ್ ಹಾಕಿ ನೋಡಿದೆ. ಜಾಸ್ತಿ ಇರುವ ಕಡೆ 0.63. ಮಿತಿಯ ಅಂಚಿಗೆ ಬಂದಿದೆ, ಆದರೆ ಬಿಸಿಲಲ್ಲಿ ಈಗಲೂ ಹಿಡಿಯುತ್ತಿದೆ. ಒಳಗೆ 0.1ರ ಶಿಮ್ ಒಂದು ಉಳಿದಿದೆ, ಮುಂದಿನ ಬೇಸಿಗೆ ಶುರುವಿಗೆ ಅದನ್ನೂ ತೆಗೆಸುತ್ತೇನೆ. ಅದಾದ ಮೇಲೆ ತೆಗೆಯಲು ಏನೂ ಇಲ್ಲ, ಕ್ಲಚ್ ಸೆಟ್ ಹೊಸದೇ ಹಾಕಿಸಬೇಕು.